ದಾರ ಕಟ್ಟಿದ ಹೆಬ್ಬೆರಳು

ಅಜ್ಜಿಯ ಹೆಬ್ಬೆರಳನ್ನು ಕದಿಯಲು ರಂಜಿತಾಗೆ ಬೇಕಾದದ್ದು ಗೇಣುದ್ದದ ಹೊಲಿಗೆ ದಾರ, ಅಷ್ಟೇ.

ಸೋಮಿ ಅಜ್ಜಿಯ ಬಲಗೈ ಹೆಬ್ಬೆರಳಿಗೆ ಅಡ್ಡಲಾಗಿ ಒಂದು ಗಾಯದ ಗೆರೆಯಿತ್ತು. ಮದುವೆಯಾಗಿ ಬಂದ ವರ್ಷ ಭತ್ತ ಕೊಯ್ಯುವಾಗ ಕತ್ತಿ ತಾಗಿದ್ದು. ಅಜ್ಜಿಗೆ ಓದು ಬರಹ ಬಾರದು. ಕೆಮ್ಮಣ್ಣು ಬಳಿದ ಬಟ್ಟೆಯ ಮೇಲೆ ಬಿಳಿ ಶೇಡಿಮಣ್ಣಿನಿಂದ ಚಿತ್ತಾರ ಬರೆದು ಮುಗಿಸಿದ ಮೇಲೆ, ಸಹಿಯ ಬದಲು ಹೆಬ್ಬೆರಳನ್ನು ಶೇಡಿಯಲ್ಲಿ ಅದ್ದಿ ಮೂಲೆಗೆ ಒತ್ತುತ್ತಿದ್ದಳು. ಬಿಳಿ ಗುರುತಿನ ನಡುವೆ ಗದ್ದೆಯಂಚಿನ ಹಾಗೆ ಕೆಂಪು ಗೆರೆಯೊಂದು ಉಳಿಯುತ್ತಿತ್ತು.

ಹೊನ್ನಾವರದ ಮಹಿಳಾ ಸಂಘದ ಮಾಲಿನಿ ಮೇಡಂ ಮರುಳಾದದ್ದು ಆ ಗೆರೆಗೇ. "ಕ್ರಿಸ್‌ಮಸ್ ರಜೆಗೆ ಯಾಣ ನೋಡಲು ಬರುವವರೆಲ್ಲ ಕುಮಟಾದಲ್ಲಿ ಇಳೀತಾರೆ. ಅಲ್ಲೇ ಮಳಿಗೆ ಹಾಕುವ. ಐವತ್ತು ಚಿತ್ತಾರ ಬೇಕು ರಂಜಿತಾ. ಎಲ್ಲಾ ಅಜ್ಜಿಯ ಕೈಯದ್ದೇ ಆಗಬೇಕು, ಗೊತ್ತಾಯ್ತಲ್ಲ?" ಎಂದಿದ್ದರು. ರಂಜಿತಾ ಹೂಂ ಎಂದಿದ್ದಳು. ಹೂಂ ಎನ್ನುವುದು ಅವಳಿಗೆ ಹುಟ್ಟಿನಿಂದ ಬಂದದ್ದು. ಅಜ್ಜಿಯ ಕತೆಗಳಿಗೆ ಹೂಂಗುಟ್ಟಿಯೇ ಬೆಳೆದ ಹುಡುಗಿ ಅವಳು.

ಆದರೆ ಅಜ್ಜಿಯ ಕೈ ಅಜ್ಜಿಯ ಬಾಯಿ ನಡೆದಷ್ಟೇ ನಡೆಯುತ್ತಿತ್ತು. ಹಾಡಿಲ್ಲದೆ ಅವಳು ಒಂದು ಚುಕ್ಕಿಯನ್ನೂ ಇಟ್ಟವಳಲ್ಲ. ಒಂದು ಚಿತ್ತಾರಕ್ಕೆ ಒಂದು ಹಾಡು; ಹಾಡಿನ ಹೆಣ್ಣು ಬಾವಿಗೆ ಹೋದರೆ ಬಟ್ಟೆಯ ಮೇಲೆ ಬಾವಿಕಟ್ಟೆ ಏಳುತ್ತಿತ್ತು, ಅವಳು ತವರಿಗೆ ಹೊರಟರೆ ಅವಳನ್ನು ಹೊರುವ ದಂಡಿಗೆ. ಹಾಡು ಮುಗಿಯದೆ ಚಿತ್ತಾರ ಮುಗಿಯುತ್ತಿರಲಿಲ್ಲ. ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿಂದ. ಡಿಸೆಂಬರ್ ಅರ್ಧ ಕಳೆದರೂ ಮೂವತ್ತು ದಾಟಲಿಲ್ಲ.

ಉಳಿದ ಇಪ್ಪತ್ತನ್ನು ರಂಜಿತಾ ಬರೆದಳು. ಅಜ್ಜಿ ಊಟ ಮಾಡಿ ಮಲಗುವ ಮಧ್ಯಾಹ್ನಗಳಲ್ಲಿ, ಕೊಟ್ಟಿಗೆಯ ಹಿಂದೆ ಕೂತು, ಹಾಡಿಲ್ಲದೆ. ಚೆನ್ನಾಗಿಯೇ ಬಂದವು. ಕಡೆಗೆ ತನ್ನ ನುಣ್ಣನೆಯ ಹೆಬ್ಬೆರಳಿಗೆ ಅಡ್ಡಲಾಗಿ, ಚರ್ಮದಲ್ಲಿ ತಗ್ಗು ಬೀಳುವಂತೆ ದಾರ ಬಿಗಿದು, ಶೇಡಿಯಲ್ಲಿ ಅದ್ದಿ, ಇಪ್ಪತ್ತು ಸಲ ಒತ್ತಿದಳು. ಅಜ್ಜಿಯ ಕತೆಗಳಲ್ಲಿ ರಕ್ಕಸಿ ರಾಣಿಯ ಸೀರೆಯುಟ್ಟು ಅರಮನೆ ಸೇರಿಕೊಂಡರೆ, ಹಕ್ಕಿಯೋ ಹಸುವೋ ಗುರುತು ಹಿಡಿದು ಕೂಗಿ ಹೇಳುತ್ತದೆ. ಇಲ್ಲಿ ಕೆಂದಿ ಹಸು ಅವಳನ್ನೇ ನೋಡುತ್ತ ಮೆಲುಕು ಹಾಕಿತು, ಅಷ್ಟೇ.

ಮಳಿಗೆಗೆ ಮೂರು ದಿನ ಇರುವಾಗ ಅಜ್ಜಿ, "ಎಲ್ಲಾ ಒಮ್ಮೆ ಹಾಸೇ, ಮಗಾ. ನೋಡ್ತೆ" ಎಂದಳು.

ಬೇಡ ಎನ್ನಲು ರಂಜಿತಾಗೆ ಕಾರಣ ಸಿಗಲಿಲ್ಲ. ಜಗುಲಿಯ ತುಂಬ ಹಾಸಿದಳು. ಅಜ್ಜಿ ಕುಕ್ಕರುಗಾಲಿನಲ್ಲಿ ಕೂತು, ಒಂದೊಂದರ ಮೇಲೂ ಬೆರಳಿಟ್ಟು, ಅದರ ಹಾಡಿನ ಒಂದೊಂದು ಎಳೆ ಗುನುಗುತ್ತ ಸರಿದಳು. ಏಳನೆಯದಕ್ಕೆ ಬಂದು ನಿಂತಳು.

"ಇದ್ಯಾವ ಹಾಡೇ?"

ರಂಜಿತಾ ಪಕ್ಕದ ಬಟ್ಟೆಯ ಸುಕ್ಕು ಬಿಡಿಸತೊಡಗಿದಳು.

"ಬೆರಳು ನಂದೇ." ಅಜ್ಜಿ ಬಟ್ಟೆಯನ್ನು ಬೆಳಕಿಗೆ ಹಿಡಿದಳು. "ಇಲ್ಲಿ ನವಿಲು ಯಾಕೆ ಬಂತು? ಯಾರ ಮನೆ ನವಿಲು ಇದು?" ಮುಂದಿನದಕ್ಕೆ ಹೋದಳು. ಅದಕ್ಕೂ ಹಾಡು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. "ಬರ್ದದ್ದು ನಾನೇ ಹೌದು. ಹಾಡು ಎಲ್ಲಿ ಹೋತು?"

ಆಗಲೇ ಹೇಳಬಹುದಿತ್ತು. ನಾಲಗೆ ತುದಿಗೆ ಬಂದ ಮಾತನ್ನು ರಂಜಿತಾ ನುಂಗಿಕೊಂಡು, "ಸುಸ್ತಾಗಿದ್ಯಲ್ಲ ಅಜ್ಜಿ, ಅದಕ್ಕೇ" ಎಂದಳು. ಆ ಒಂದು ಮಾತನ್ನು ನೆನೆದರೆ ಈಗಲೂ ಅವಳ ಕಿವಿ ಬಿಸಿಯಾಗುತ್ತದೆ.

ಮರುದಿನ ಅಜ್ಜಿ ಹಾಡಲಿಲ್ಲ. ಅಕ್ಕಿ ಕೇರುವಾಗಲೂ ಇಲ್ಲ, ಹಸುವಿಗೆ ಹುಲ್ಲು ಹಾಕುವಾಗಲೂ ಇಲ್ಲ. ಒಲೆ ಮುಂದೆ ಕೂತು ತನ್ನಷ್ಟಕ್ಕೆ ಏನೋ ಪಿಸುಗುಡುತ್ತಿದ್ದಳು. ರಂಜಿತಾ ಬಾಗಿಲ ಮರೆಯಲ್ಲಿ ನಿಂತು ಕಿವಿಗೊಟ್ಟಳು. ಮಕ್ಕಳ ಹೆಸರು, ಮೊಮ್ಮಕ್ಕಳ ಹೆಸರು, ಬೆಳಕೆ ಊರಿಗೆ ಕೊಟ್ಟ ಮಗಳ ಅತ್ತೆಯ ಹೆಸರು, ಸತ್ತ ಎತ್ತುಗಳ ಹೆಸರು. ಅಜ್ಜಿ ತನ್ನ ತಲೆಯೊಳಗಿನ ಪೆಟ್ಟಿಗೆ ತೆರೆದು ಇನ್ನೂ ಏನೇನು ಕಳೆದಿದೆ ಎಂದು ಹುಡುಕುತ್ತಿದ್ದಳು.

"ಕೇರಿಯ ದೇವಕ್ಕಂಗೂ ಹಿಂಗೇ ಸುರುವಾದ್ದು. ಮೊದಲು ಹಾಡು ಮರೆತಳು. ಕಡೆಗೆ ಮಗನನ್ನೇ 'ನೀ ಯಾರಪ್ಪ' ಅಂದಳು" ಎಂದಳು, ಹಿಂತಿರುಗಿ ನೋಡದೆ.

ಅದರ ಮರುದಿನ ಬೆಳಿಗ್ಗೆ ಹಳ್ಳದಾಚೆಯ ಕುಪ್ಪ ಗೌಡ ವೀಳ್ಯದೆಲೆಯ ತಟ್ಟೆ ಹಿಡಿದುಕೊಂಡು ಬಂದ. ಸಂಕ್ರಾಂತಿ ಕಳೆದ ಮೇಲೆ ಅವನ ಮಗಳು ಅಂಕಿತಾಳ ಮದುವೆ. ಮದುವೆ ಹಾಡಿಗೆ ಹಿರಿಯಳನ್ನು ಕರೆಯಬೇಕಾದರೆ ವೀಳ್ಯ ಕೊಟ್ಟೇ ಕರೆಯಬೇಕು. ಒಮ್ಮೆ ಅವಳು ವೀಳ್ಯ ತಿರುಗಿಸಿದಳೆಂದರೆ ಆಮೇಲೆ ಯಾರ ಮನೆಯ ವೀಳ್ಯವೂ ಆ ಬಾಗಿಲಿಗೆ ಬರುವುದಿಲ್ಲ.

"ತಗಾ ಸೋಮಕ್ಕ. ನೀನು ಹಾಡದೆ ನಮ್ಮ ಹುಡುಗಿ ಹಸೆಗೆ ಕೂರೂದಿಲ್ಲ ಅಂತಾಳೆ. ಪೇಟೆಯವರಿಗೆ ಚಿತ್ರ ಮಾರ್ತಿಯಂತೆ, ಇನ್ನು ನಮ್ಮ ಕಣ್ಣಿಗೆ ಬೀಳ್ತಿಯೋ ಇಲ್ಲವೋ" ಎಂದು ಕುಪ್ಪ ನಕ್ಕ.

ಅಜ್ಜಿ ನಗಲಿಲ್ಲ. "ಆಗೂದಿಲ್ಲವೋ ತಮ್ಮ. ನನ್ನ ತಲೆ ತೂತಾಗಿದೆ. ಹಾಡಿನ ನಡುವೆ ಮರ್ತು ನಿಂತ್ರೆ ಮದುಮಗಳಿಗೆ ಒಳ್ಳೇದಲ್ಲ. ಇನ್ನು ಬೇರೆಯವರನ್ನ ಕರೀರಿ." ವೀಳ್ಯದ ತಟ್ಟೆಗೆ ಕೈಯಿಟ್ಟು ಮೆಲ್ಲಗೆ ಅವನ ಕಡೆಗೆ ತಳ್ಳಿದಳು.

ತಟ್ಟೆ ಒಂದು ಗೇಣು ಸರಿದಿತ್ತೋ ಇಲ್ಲವೋ, ಬಾಗಿಲಲ್ಲಿದ್ದ ರಂಜಿತಾ ಬಂದು ಅದನ್ನು ಹಿಡಿದಳು.

"ಅಜ್ಜಿ, ನೀ ಎಂತದೂ ಮರ್ತಿಲ್ಲ. ಅದು ನಾನು ಬರ್ದದ್ದು. ಇಪ್ಪತ್ತು."

"ಬೆರಳು?"

"ದಾರ ಕಟ್ಟಿ ಒತ್ತಿದೆ."

ಕುಪ್ಪ ಗೌಡ ಕೆಮ್ಮಿ, ಅಂಗಳದ ತುಳಸಿಕಟ್ಟೆಯನ್ನು ಅಂದೇ ಮೊದಲು ಕಂಡವನಂತೆ ನೋಡತೊಡಗಿದ. ಅವನೆದುರು ಹೇಳಿದ ಮೇಲೆ ಸಂಜೆಯೊಳಗೆ ಊರಿಗೇ ಗೊತ್ತಾಗುವ ಮಾತು ಅದು.

"ದಾರ ತಾ" ಎಂದಳು ಅಜ್ಜಿ.

ತಂದಳು. ಅಜ್ಜಿ ತಾನೇ ಮೊಮ್ಮಗಳ ಹೆಬ್ಬೆರಳಿಗೆ ದಾರ ಸುತ್ತಿ, ಶೇಡಿ ಕಲಸಿದ ತೆಂಗಿನ ಗರಟೆಯಲ್ಲಿ ಅದ್ದಿಸಿ, ಜಗುಲಿಯ ಕಂಬಕ್ಕೆ ಒತ್ತಿಸಿದಳು. ಪಕ್ಕದಲ್ಲಿ ತನ್ನದನ್ನೂ ಒತ್ತಿದಳು. ಎರಡನ್ನೂ ಬಗ್ಗಿ ನೋಡಿದಳು. ಎರಡರಲ್ಲೂ ಅದೇ ಗೆರೆ. ಆಮೇಲೆ ಅವಳ ಮುಖ ಅರಳಿದ ರೀತಿ!

"ಹಂಗಾರೆ ನಾ ಮರ್ತಿಲ್ಲ" ಎಂದಳು. "ಕೇಳ್ದ್ಯೇನೋ ಕುಪ್ಪ, ನಾ ಮರ್ತಿಲ್ಲ." ತಟ್ಟೆಯನ್ನು ಎಳೆದುಕೊಂಡು, ಎಲೆಗೆ ಸುಣ್ಣ ಸವರಿ, ಬಾಯಿಗೇ ಹಾಕಿಕೊಂಡಳು. ಬೈದಿದ್ದರೆ ರಂಜಿತಾ ಅತ್ತು ಹಗುರಾಗುತ್ತಿದ್ದಳು. ಅಜ್ಜಿಯ ಆ ಸಂತೋಷವನ್ನು ನೋಡುತ್ತ ನಿಲ್ಲುವುದು ಬೈಗುಳಕ್ಕಿಂತ ಕಷ್ಟವಾಯಿತು.

ಕುಪ್ಪ ಹೋದ ಮೇಲೆ ಅಜ್ಜಿ ಕೇಳಿದ್ದು ಒಂದೇ. "ನವಿಲು ಚಂದ ಬಂದದೆ. ನಿನ್ನ ಬೆರಳೇ ಒತ್ತಿದ್ರೆ ಎಂತ ಆಗ್ತಿತ್ತೇ?"

"ಯಾರೂ ತಗಳ್ಳೂದಿಲ್ಲ ಅಂತ."

"ಆತು" ಎಂದಳು ಅಜ್ಜಿ. ಮತ್ತೆ ಆ ಮಾತೆತ್ತಲಿಲ್ಲ.

ಒಣಗಿದ ಶೇಡಿ ಬಟ್ಟೆಯಿಂದ ಹೋಗುವುದಿಲ್ಲ. ಉಜ್ಜಿದರೆ ಕೆಮ್ಮಣ್ಣೂ ಕಿತ್ತು ಬರುತ್ತದೆ. ಅಂದು ಮಧ್ಯಾಹ್ನ ರಂಜಿತಾ ಕತ್ತರಿ ತೆಗೆದುಕೊಂಡು ಇಪ್ಪತ್ತು ಬಟ್ಟೆಗಳ ಮೂಲೆ ಕತ್ತರಿಸಿದಳು. ಮಾಲಿನಿ ಮೇಡಂಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದಳು. ಮೇಡಂ, "ನಿನ್ನವನ್ನು ಬೇರೆ ಹಗ್ಗಕ್ಕೆ ಹಾಕು. ಕೇಳಿದವರಿಗೆ ನೀನೇ ಉತ್ತರ ಕೊಡು" ಎಂದರು.

ಕುಮಟಾದ ಮಳಿಗೆಯಲ್ಲಿ ಎರಡು ಹಗ್ಗ ಕಟ್ಟಿದರು. ಅಜ್ಜಿಯವು ಮೊದಲ ದಿನವೇ ಅರ್ಧ ಖಾಲಿಯಾದವು. ಸಂಜೆ ಹೊತ್ತಿಗೆ ಟೋಪಿ ಹಾಕಿದ ಹೆಂಗಸೊಬ್ಬಳು ಎರಡನೆಯ ಹಗ್ಗದ ಮುಂದೆ ನಿಂತಳು. ನವಿಲಿನ ಬಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಚೆನ್ನಾಗಿದೆ. ಆದ್ರೆ ಈ ಮೂಲೆ ಯಾಕಮ್ಮ ಹೀಗೆ ಕತ್ತರಿಸಿದೀರಿ? ಇಲಿ ಕಡಿದಿದೆಯಾ?"

ಇಲಿ ಎಂದುಬಿಡಬಹುದಿತ್ತು. ರಂಜಿತಾ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಚಿಕೊಂಡಳು. ಆಮೇಲೆ ಬಿಡಿಸಿದಳು.

"ಇಲ್ಲ ಅಕ್ಕ" ಎಂದು ಶುರುಮಾಡಿದಳು. ನಡೆದದ್ದನ್ನು ಆ ದಿನ ಅವಳು ಹೇಳಿದ್ದು ಇದು ಐದನೆಯ ಸಲ.