ಚಿಪ್ಪುಹಂದಿಗಾಗಿ ಬಾಯಿ ಮುಚ್ಚಿದ ಊರು

ಪೆನೀನಾಳ ಬಾಯಿಗೆ ಬೀಗವಿಲ್ಲ ಎಂದು ಡೊಡೋಮಾದ ಸಂತೆಯವರೆಗೂ ಹೆಸರಿದೆ. ಆ ಪೆನೀನಾ ನಾನೇ. ಅಂಥವಳನ್ನು ಎರಡು ದಿನ ಮೂಗಿಯ ಹಾಗೆ ಕೂರಿಸಿದ್ದು ಒಂದು ಚಿಪ್ಪುಹಂದಿ.

ಅದು ದೊಡ್ಡಿಯ ಬೇಲಿಯಲ್ಲಿ ಸಿಕ್ಕ ಬೆಳಿಗ್ಗೆಯೇ ಊರು ಬಾವೊಬಾಬ್ ಮರದಡಿ ಸೇರಿತು. ಚಿಪ್ಪುಹಂದಿ ಮನುಷ್ಯರ ಕಣ್ಣಿಗೆ ಬೀಳುವುದೇ ಅಪರೂಪ. ಬಿತ್ತೆಂದರೆ ಅದರ ಮುಂದೆ ಸಜ್ಜೆ ಹಿಟ್ಟು, ನೀರು, ಬಾಣ ಇಡಬೇಕು. ಹಿಟ್ಟಿನ ಕಡೆ ನಡೆದರೆ ಸುಗ್ಗಿ, ನೀರಿನ ಕಡೆ ನಡೆದರೆ ನೆರೆ, ಬಾಣದ ಕಡೆ ನಡೆದರೆ ಕೇಡು. ನನಗೆ ಬೀಗನಾಗಬೇಕಿದ್ದ ಲುಂಗ್ವಾ ಮೊದಲೇ ಹೇಳಿಬಿಟ್ಟ.

"ಹಿಟ್ಟು ಮುಟ್ಟಿದ್ರೆ ಈ ತಿಂಗಳೇ ಮದುವೆ. ಇಲ್ಲಾಂದ್ರೆ ಮುಂದಿನ ವರ್ಷ ನೋಡೋಣ. ಬೆಳೆ ಕೈಕೊಟ್ಟ ವರ್ಷ ಸೊಸೆ ತಂದು ಏನು ತಿನ್ನಿಸ್ಲಿ?"

ಮುಂದಿನ ವರ್ಷ ಎಲ್ಲಿಯ ಮಾತು? ಮಗಳು ನ್ಯೇಮೊಗೆ ಆಗಲೇ ಮೂರು ತಿಂಗಳು. ಲುಂಗ್ವಾನ ಮಗ ಗಣಿ ಕೆಲಸಕ್ಕೆ ಹೋದವನು, ಅವನಿಗೂ ಗೊತ್ತಿಲ್ಲ. ಗೊತ್ತಿದ್ದದ್ದು ಅವಳಿಗೆ, ನನಗೆ. ಬಾಯಿ ಬಿಟ್ಟರೆ ಮರ್ಯಾದೆ ಮೂರು ಕಾಸು.

ಚಿಪ್ಪುಹಂದಿಯೋ ಉಂಡೆಯಾಗಿ ಬಿದ್ದಿತ್ತು. ತಲೆ ಯಾವುದು, ಬಾಲ ಯಾವುದು ದೇವರೇ ಬಲ್ಲ. ಬಿಚ್ಚುತ್ತೇನೆಂದು ಚಿಪ್ಪಿನ ಸಂದಿಗೆ ಬೆರಳು ಹಾಕಿದ ಅಂಗಡಿಯವನು ರಕ್ತ ನೆಕ್ಕುತ್ತಾ ಹಿಂದೆ ಸರಿದ. ನಾಯಿ ಮೂಸಿತು, ಗಬ್ಬು ನಾತಕ್ಕೆ ಸೀನಿ ಓಡಿತು. ಸಿಂಹ ಕಚ್ಚಿದರೂ ಬಿಚ್ಚಿಕೊಳ್ಳುವ ಪ್ರಾಣಿಯಲ್ಲ ಅದು.

"ಸದ್ದು ನಿಂತ್ರೆ ತಾನಾಗೇ ಏಳುತ್ತೆ," ಎಂದು ಶಾಸ್ತ್ರ ಬಲ್ಲ ಚಿಲೇವಾ ಅಜ್ಜ ಅಪ್ಪಣೆ ಕೊಟ್ಟ. "ಎಲ್ಲರೂ ಬಾಯಿ ಮುಚ್ಚಿ, ಮುಖ್ಯವಾಗಿ ಪೆನೀನಾ."

"ನಾನೇನು ಮಾಡಿದೆ ಅಜ್ಜ?"

"ಇದೇ."

ಊರು ಬಾಯಿ ಮುಚ್ಚಿತು. ಹುಂಜಗಳನ್ನು ಪಕ್ಕದೂರಿಗೆ ಸಾಗಿಸಿದರು. ಹಸುಗಳ ಗಂಟೆಗೆ ಹುಲ್ಲು ತುರುಕಿದರು. ಕೆಮ್ಮು ಬಂದವರು ಹೊಲದವರೆಗೆ ಓಡಿ ಕೆಮ್ಮಿ ಬಂದರು. ಇಬ್ಬರು ಸವತಿಯರು ಕೈಸನ್ನೆಯಲ್ಲೇ ಬೈದಾಡಿದರು. ಸಾಲದೆಂದು ಒಬ್ಬಳು ಮಣ್ಣಲ್ಲಿ ಬೈಗುಳ ಬರೆದಳು. ಇನ್ನೊಬ್ಬಳಿಗೆ ಓದು ಬಾರದು, ಓದಿ ಹೇಳೋಣವೆಂದರೆ ನಾನು ಬಾಯಿ ತೆರೆಯುವಂತಿಲ್ಲ. ಆ ಸಂಕಟ ಯಾರಿಗೂ ಬೇಡ.

ಕತ್ತಲಾದ ಮೇಲೆ ಎದ್ದು ಗೆದ್ದಲು ಹುಡುಕುವುದು ಚಿಪ್ಪುಹಂದಿಯ ಜಾತಿಗುಣ. ಆದರೆ ನೂರು ಜನ ಸುತ್ತ ಕೂತು ದಿಟ್ಟಿಸಿದರೆ ಯಾರು ತಾನೇ ಎದ್ದಾರು? ನಾವು ಎದ್ದು ಹೋಗೋಣವೆಂದರೆ ಸಾಕ್ಷಿಗೆ ಯಾರು? ಹಾಗಾಗಿ ಅದೂ ಏಳಲಿಲ್ಲ, ನಾವೂ ಏಳಲಿಲ್ಲ.

ಎರಡನೆಯ ಸಂಜೆಗೆ ಎಲ್ಲರ ತಲೆ ಎದೆಗೆ ಬಿದ್ದಿತ್ತು. ನಿದ್ದೆ ಹೋಗಿದ್ದಾರೆ ಎಂದುಕೊಂಡು ನಾನು ಅಂಬೆಗಾಲಲ್ಲಿ ಹೋಗಿ ಚಿಪ್ಪಿಗೆ ಬಾಯಿ ಹಚ್ಚಿದೆ.

"ನಿನ್ನ ದಮ್ಮಯ್ಯ, ಏಳೋ. ನ್ಯೇಮೊ ಹೊಟ್ಟೆ ನಿನ್ನ ಥರ ಮುದುರಿಕೊಂಡು ಇರಲ್ಲ. ಮೂರು ತಿಂಗಳಾಯ್ತು. ಲುಂಗ್ವಾ ಅಣ್ಣಂಗೆ ಗೊತ್ತಾದ್ರೆ ನಾನು ಬಾವಿ ನೋಡ್ಕೋಬೇಕು. ಹಿಟ್ಟಿನ ಕಡೆ ಒಂದು ಹೆಜ್ಜೆ ಇಡು, ನನ್ನಪ್ಪ."

ಆ ನಿಶ್ಶಬ್ದದಲ್ಲಿ ನನ್ನ ಪಿಸುಮಾತು ಚರ್ಚಿನ ಗಂಟೆಯಾಗಿತ್ತು. ತಲೆ ಎತ್ತಿದರೆ ಊರೆಲ್ಲ ನನ್ನನ್ನೇ ನೋಡುತ್ತಿದೆ. ನ್ಯೇಮೊ ಹೊದ್ದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು.

ಲುಂಗ್ವಾ ಎದ್ದ. ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ. ಅವನು ಕೈಗೆ ಹೊದಿಕೆ ಸುತ್ತಿಕೊಂಡು, ಕುಂಬಳಕಾಯಿ ಉರುಳಿಸಿದ ಹಾಗೆ ಚಿಪ್ಪುಹಂದಿಯನ್ನು ಮೆಲ್ಲಗೆ ಉರುಳಿಸಿ ಹಿಟ್ಟಿನ ರಾಶಿಗೆ ತಾಗಿಸಿದ. ಅದು ಆಗಲೂ ಬಿಚ್ಚಿಕೊಳ್ಳಲಿಲ್ಲ.

"ಅದಾಗೇ ನಡೀಬೇಕು. ಇದು ಶಾಸ್ತ್ರ ಅಲ್ಲ," ಎಂದ ಚಿಲೇವಾ ಅಜ್ಜ.

"ಎರಡು ದಿನ ಮುದುರಿಕೊಂಡು ಕಾಲು ಜೋಮು ಹಿಡಿದಿದೆ ಅಜ್ಜ, ನಾನು ಕರ್ಕೊಂಡು ಹೋದೆ. ಮಗನ್ನ ಗಣಿಯಿಂದ ಕರೆಸ್ತೀನಿ, ಮದುವೆ ಶನಿವಾರ."

ಆಮೇಲೆ ನನ್ನ ಪಕ್ಕ ಮಣ್ಣಲ್ಲೇ ಕೂತ. ಬೈಯುತ್ತಾನೆಂದು ಎದುರುತ್ತರ ಸಿದ್ಧ ಮಾಡಿಕೊಂಡೆ.

"ಉಪ್ಪಿನ ಬೆಲೆ ಏರಿದ್ರೂ ಊರಿಗೆಲ್ಲ ಕೂಗಿ ಹೇಳೋಳು ನೀನು," ಎಂದ. "ಇದನ್ನ ಇಷ್ಟು ದಿನ ಒಬ್ಬಳೇ ಹೆಂಗೆ ಹೊತ್ಕೊಂಡಿದ್ದೆ ತಂಗಿ?"

ನಾನು ಊರೆಲ್ಲ ಕೇಳುವ ಹಾಗೆ ಅತ್ತುಬಿಟ್ಟೆ.