ಬೆರಳಿಟ್ಟು ಬರೆಯಿರಿ

ಪ್ರಾರ್ಥನೆ ಮುಗಿಯುತ್ತಲೇ ಮುಖ್ಯಗುರು ಶಂಕರೆಪ್ಪ ಸರ್ ನನ್ನನ್ನು ತಡೆದರು.

"ಸುನಂದಾ ಮೇಡಂ, ಪರೀಕ್ಷಾ ಹತ್ರ ಬಂತು. ಬೆರಳಿಡೋ ಆಟ ಸಾಕ್ರಿ. ನಾಳಿಂದ ಗೈಡಿನ ಉತ್ತರಾ ಬಾಯಿಪಾಠ ಮಾಡಸ್ರಿ."

ಸಿಂದಗಿ ಹತ್ತಿರದ ಈ ಶಾಲೆಗೆ ನಾನು ಅತಿಥಿ ಶಿಕ್ಷಕಿ. ಏಳನೆಯ ತರಗತಿಗೆ ಒಂದೇ ನಿಯಮ ಹಾಕಿದ್ದೆ: ಕತೆಯ ಬಗ್ಗೆ ಏನೇ ಬರೆಯಿರಿ, ಹಾಗೆ ಅನ್ನಿಸುವಂತೆ ಮಾಡಿದ ಸಾಲಿನ ಮೇಲೆ ಮೊದಲು ಬೆರಳಿಡಿ. ಇದರಿಂದ ಮಕ್ಕಳ ಬರವಣಿಗೆ ನಿಧಾನವಾದದ್ದು ನಿಜ. ಸರ್ ಹೇಳಿದ್ದೇ ಸರಿಯೇನೋ. ಆದರೂ "ಒಂದ್ಸಲ ನೀವ ಬಂದು ಕೇಳ್ರಿ ಸರ್" ಎಂದುಬಿಟ್ಟೆ.

ಮರುದಿನ ಅವರು ಬಂದೇ ಬಂದರು. ಅಂದಿನ ಕತೆಯಲ್ಲಿ ಮುದುಕಿಯೊಬ್ಬಳು ಹಸಿದ ದಾರಿಹೋಕನಿಗೆ ತಾಟು ಕೊಡದೆ, ರೊಟ್ಟಿಯ ಮೇಲೆ ಪಲ್ಯ ಹಾಕಿ ಕೈಯಲ್ಲಿಡುತ್ತಾಳೆ.

"ಈ ಮುದುಕಿ ಎಂಥಾಕಿ?" ಸರ್ ಕೇಳಿದರು.

ಪ್ರಜ್ಞಾ ಎದ್ದಳು. "ಭಾಳ ಚಲೋ ಆಕಿರಿ. ನಮ್ಮ ಹೊಲದಾಗೂ ಎಲ್ಲಾರೂ ಹಂಗ ಕೈಯಾಗ ಹಿಡ್ಕೊಂಡು ಉಣ್ತಾರ್ರಿ."

ಕತೆ ಬಿಟ್ಟು ಮನೆಯ ಮಾತು ತರುವುದು: ನಾನು ದಿನವೂ ತಿದ್ದುತ್ತಿದ್ದ ತಪ್ಪೇ ಅದು.

"ಅದು ನಿಮ್ಮ ಹೊಲದ್ದಾತು," ಸರ್ ನಕ್ಕರು. "ಕತಿಯಾಗ ಎಲ್ಲೈತಿ, ತೋರಸು."

ನನ್ನದೇ ಪ್ರಶ್ನೆ ಅವರ ಬಾಯಲ್ಲಿ! ಪ್ರಜ್ಞಾ ಪುಟ ತಿರುವಿ ಬೆರಳಿಟ್ಟು ಓದಿದಳು: "'ಅವನು ಉಂಡು ಮುಗಿಸುವವರೆಗೂ ಮುದುಕಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು.' ಬ್ಯಾಸರಿದ್ರ ನಿಲ್ತಿದ್ಲೇನ್ರಿ?"

"ಏ, ಸುಳ್ಳ!" ಹಿಂದಿನ ಸಾಲಿನಿಂದ ತಬ್ರೇಜ. "ಇಲ್ನೋಡ್ರಿ ಸರ್. 'ಆಕೆಯ ಕಣ್ಣು ಬಾಗಿಲ ಕಡೆಗೇ ಇತ್ತು.' ಇಂವ ಯಾವಾಗ ಹೋಗ್ತಾನಪಾ ಅಂತ ಕಾಯಾಕತ್ತಿದ್ಲು!"

"ನಿಮ್ಮ ಮನಿಗಿ ಯಾರರ ಬಂದ್ರ ನೀ ಹಂಗ ನೋಡ್ತಿ," ಪ್ರಜ್ಞಾ ಚುಚ್ಚಿದಳು. ಮಕ್ಕಳೆಲ್ಲ ಗೊಳ್ಳೆಂದರು.

ಸರ್ ಪುಸ್ತಕ ಇಸಿದುಕೊಂಡು ಚಸ್ಮಾ ಏರಿಸಿದರು. "ತಡೀರಿ, ತಡೀರಿ. ಆಕಿ ಮಗನ ದಾರಿ ನೋಡಾಕತ್ತಿರಬೇಕು."

"ಬೆರಳಿಡ್ರಿ ಸರ್!" ಇಡೀ ತರಗತಿ ಕೂಗಿತು.

ಸರ್ ಸಿಟ್ಟಾಗಲಿಲ್ಲ. ಬೆರಳಿಗೆ ಉಗುಳು ಹಚ್ಚಿ ಪುಟಗಳನ್ನು ಹಿಂದಕ್ಕೆ ತಿರುವಿದರು. ಕೊನೆಗೆ ಗೆದ್ದವರ ಹಾಗೆ ಓದಿದರು: "'ಸುಗ್ಗಿಗೆ ಹೋದ ಮಗ ಇನ್ನೂ ಬಂದಿರಲಿಲ್ಲ.' ಹಾಂ! ಈಗೇನಂತೀರಿ?"

ಗಂಟೆ ಬಾರಿಸಿದರೂ ಅವರ ಬೆರಳು ಆ ಸಾಲಿನ ಮೇಲೇ ಇತ್ತು.

ಹೋಗುವಾಗ ಬಾಗಿಲಲ್ಲಿ ನಿಂತರು. "ಗೈಡ್ ಕಪಾಟಿನ್ಯಾಗ ಇರ್ಲಿ ಬಿಡ್ರಿ, ಮೇಡಂ. ಆದ್ರ ಬರಿಯೂದು ಸ್ವಲ್ಪ ಲಗೂ ಆಗ್ಲಿ."

"ಹೌದ್ರಿ ಸರ್," ಅಂದೆ.

ಸರ್ ಬರುವ ಚಿಂತೆಯಲ್ಲಿ ಬೆಳಿಗ್ಗೆ ತಿನ್ನದೇ ಬಿಟ್ಟ ರೊಟ್ಟಿ ಬುತ್ತಿಯಲ್ಲಿ ಹಾಗೇ ಇತ್ತು. ತಾಟು ಹುಡುಕುವಷ್ಟು ತಾಳ್ಮೆ ಇರಲಿಲ್ಲ. ಮೇಲೆ ಪಲ್ಯ ಹಾಕಿಕೊಂಡು, ಕೈಯಲ್ಲೇ ಹಿಡಿದು, ಹೊಟ್ಟೆ ತುಂಬ ಉಂಡೆ.