ಒರೆಸದ ಅಂಕಿ

ತೈಸಿಯಾ ಒದ್ದೆ ಬಟ್ಟೆ ಹಿಂಡಿ ಕರಿಹಲಗೆ ಒರೆಸುತ್ತಿದ್ದಳು. ನಿನ್ನೆಯ ಲೆಕ್ಕವೆಲ್ಲ ಬಿಳಿ ನೀರಾಗಿ ಇಳಿಯಿತು. ಎಡಮೂಲೆಯ ಚೌಕವನ್ನು ಮಾತ್ರ ಮುಟ್ಟಲಿಲ್ಲ. ಅದರೊಳಗೆ ನಲವತ್ತು ಎಂಬ ಅಂಕಿ, ಕೆಳಗೆ ‘ಒರೆಸಬಾರದು’ ಎಂಬ ಬರಹ. ಮಾಸಿದಾಗಲೆಲ್ಲ ಅದರ ಮೇಲೆ ಸೀಮೆಸುಣ್ಣದಿಂದ ತಿದ್ದುವುದೂ ನಾಲ್ಕು ವರ್ಷಗಳಿಂದ ಅವಳದೇ ಕೆಲಸ.

ಓಕಾ ನದಿ ದಂಡೆಯ ಆ ಸಂಸ್ಥೆಯಲ್ಲಿ ವೆನಿಯಾಮಿನ್ ಲ್ವೋವಿಚ್ ಮೂವತ್ತೊಂದು ವರ್ಷದಿಂದ ಪಕ್ಕದ ನಕ್ಷತ್ರಕ್ಕೆ ಹೋಗುವ, ಒಂದೇ ಟ್ಯಾಂಕಿನ ನೌಕೆಯ ಲೆಕ್ಕ ಹಾಕುತ್ತಿದ್ದರು. ಮಧ್ಯಾಹ್ನ ಅದನ್ನು ಮಾಸ್ಕೋದವರ ಮುಂದಿಡಬೇಕು. ಅವರು ಒಪ್ಪದಿದ್ದರೆ ವಿಭಾಗಕ್ಕೆ ಬೀಗ.

ಅವರ ಹಳೆಯ ಸಹೋದ್ಯೋಗಿ ಕ್ಲಾರಾ ಎಫಿಮೊವ್ನಾ ಕೋಟಿನ ಹಿಮವನ್ನೂ ಕೊಡವದೆ ಒಳಬಂದರು. ಕೈಯಲ್ಲಿ ಟ್ಯಾಂಕ್ ತಯಾರಿಸುವ ಕಾರ್ಖಾನೆಯ ಕಾಗದ.

“ಏನು ಕ್ಲಾರಾ, ಹಿಮದ ಗೊಂಬೆ ಆಗಿ ಬಂದಿದೀಯ? ಟೀ ಕುಡಿ ಮೊದಲು,” ಎಂದರು ಮೇಜಿನ ಮುಂದೆ ಕೂತಿದ್ದ ವೆನಿಯಾಮಿನ್.

“ವೆನ್ಯಾ, ಟ್ಯಾಂಕ್ ತೂಗಿದಾರೆ. ನಲವತ್ತು ಟನ್ ಇಂಧನಕ್ಕೆ ಒಂದು ಟನ್ ಟ್ಯಾಂಕ್ ಅಂತಿದ್ವಿ. ಎರಡು ಟನ್ ಬೇಕಂತೆ.”

“ಆದ್ರೇನಂತೆ? ಇಂಧನ ಇನ್ನಷ್ಟು ತುಂಬಿಸಿದ್ರಾಯ್ತು.”

“ತುಂಬಿಸಿದಷ್ಟೂ ಟ್ಯಾಂಕೂ ದೊಡ್ಡದಾಗುತ್ತಲ್ಲ ಮಾರಾಯ! ಒಂದು ನರಪಿಳ್ಳೆನೂ ಕೂರಿಸ್ದೆ ಬರೀ ಟ್ಯಾಂಕ್ ಕಳಿಸಿದ್ರೂ ನಮಗೆ ಬೇಕಾದ ವೇಗ ಬರಲ್ಲ. ಆ ನಲವತ್ತನ್ನ ಅಳೆದವರು ಯಾರು?”

“ಯಾರೋ ಅಳೆದಿರ್ತಾರೆ. ಎಲ್ಲ ವರದೀಲೂ ಇದೆಯಲ್ಲ.”

“ಒಂದು ನೋಡಿ ಇನ್ನೊಂದು ಬರ್ಕೊಂಡಿದೀವಿ. ಮೊದಲನೇದು ಎಲ್ಲಿ?”

ತೈಸಿಯಾ ಹಲಗೆಯಿಂದ ಈಚೆ ಬಂದಳು. ಎಂಟನೇ ತರಗತಿಗೇ ಶಾಲೆ ಬಿಟ್ಟವಳು. ದೊಡ್ಡವರ ನಡುವೆ ಬಾಯಿ ಹಾಕಿದವಳಲ್ಲ. ಬೀರು ತೆರೆದು, ಧೂಳು ಹೊಡೆಯುವಾಗ ಎಷ್ಟೋ ಸಲ ಕಂಡಿದ್ದ ನೀಲಿ ನೋಟುಪುಸ್ತಕವನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು.

ಪೆನ್ಸಿಲಿನಲ್ಲಿ ನಲವತ್ತು. ಪಕ್ಕದಲ್ಲಿ ‘ಸದ್ಯಕ್ಕೆ’. ಅದರ ಮುಂದೊಂದು ಪ್ರಶ್ನೆಯ ಗುರುತು. ಮೂವತ್ತೊಂದು ವರ್ಷ ಹಿಂದಿನ, ವೆನಿಯಾಮಿನರದೇ ಅಕ್ಷರ.

“ಇದು ನಿಂಗೆ ಗೊತ್ತಿತ್ತಾ, ತೈಸಿಯಾ?”

“ಹಲಗೆ ಮೇಲೆ ಪ್ರಶ್ನೆ ಗುರುತು ಇರ್ಲಿಲ್ಲ, ವೆನಿಯಾಮಿನ್ ಲ್ವೋವಿಚ್,” ಎಂದಳು ನೆಲ ನೋಡುತ್ತ. “ಉತ್ತರ ಸಿಕ್ಕಿರ್ಬೇಕು ಅಂದ್ಕೊಂಡೆ.”

ಕ್ಲಾರಾ ಕಿಟಕಿಯತ್ತ ತಿರುಗಿಕೊಂಡರು. ಟೀ ಲೋಟದ ಹಬೆ ನಿಂತುಹೋಗಿತ್ತು. ವೆನಿಯಾಮಿನ್ ನೋಟುಪುಸ್ತಕ ಮುಚ್ಚಿ, ಹಲಗೆಯ ಮೂಲೆಯನ್ನು ಬಹಳ ಹೊತ್ತು ನೋಡಿದರು. ತೈಸಿಯಾಳ ಕೈಯ ಬಟ್ಟೆಯಿಂದ ಬಿಳಿ ನೀರು ಒಂದೊಂದೇ ಹನಿಯಾಗಿ ಬಕೆಟ್ಟಿಗೆ ಬೀಳುತ್ತಿತ್ತು.

“ಅದನ್ನೂ ಒರೆಸಿಬಿಡಮ್ಮ,” ಎಂದರು.

ಬಟ್ಟೆ ಹನಿಯುತ್ತಲೇ ಇತ್ತು.